ನಲವತ್ತೊಂಬತ್ತು ನಾಯಿಗಳ ನ್ಯಾಯವಿಚಾರಣೆ

'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ಗಾದೆಯನ್ನು ಕೇಳದ ಮನೆಯಿಲ್ಲ. ನಾಯಿಯ ವಿಷಯಕ್ಕೆ ಬಂದರೆ ಲೋಕದ ನುಡಿ ಇನ್ನೂ ನಿಷ್ಠುರ. ದಬ್ಬೆ ಕಟ್ಟಿದರೂ ನಾಯಿಯ ಬಾಲ ಡೊಂಕೇ ಎಂದು ಹಿರಿಯರು ಎಂದೋ ತೀರ್ಪು ಕೊಟ್ಟುಬಿಟ್ಟಿದ್ದಾರೆ. ಆ ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸಲು ನಾಯಿಗೆ ಬಾಯಿಲ್ಲ. ಆದರೆ 2007ನೆಯ ಇಸವಿಯಲ್ಲಿ ಅಮೆರಿಕದ ಒಂದು ನ್ಯಾಯಾಲಯಕ್ಕೆ ಈ ಗಾದೆಯನ್ನೇ ಒರೆಗೆ ಹಚ್ಚಿ ನೋಡಬೇಕಾದ ಪ್ರಸಂಗ ಒದಗಿತು. ಪ್ರಶ್ನೆ ಒಂದು ಬಾಲದ್ದಲ್ಲ, ನಲವತ್ತೊಂಬತ್ತು ಪ್ರಾಣಗಳದ್ದು.

ಆ ವರ್ಷದ ಏಪ್ರಿಲ್ 25ರಂದು ವರ್ಜೀನಿಯ ಸಂಸ್ಥಾನದ ಸರ್ರಿ ಕೌಂಟಿಯಲ್ಲಿ ಪೊಲೀಸರು ಒಂದು ಮನೆಯನ್ನು ಶೋಧಿಸಿದರು. ಹುಡುಕಿಕೊಂಡು ಹೋದದ್ದು ಮಾದಕವಸ್ತುಗಳನ್ನು, ಕಂಡದ್ದು ಬೇರೆಯೇ. ಮುಂದೆ ಬಿಳಿಯ ಬಣ್ಣದ ಚೆಲುವಾದ ಮನೆ. ಹಿಂದೆ, ಮರಗಳ ಮರೆಯಲ್ಲಿ, ಕಪ್ಪು ಬಣ್ಣ ಬಳಿದ ಕೊಟ್ಟಿಗೆಗಳು. ಅದರಾಚೆ, ಹಳೆಯ ಮೋಟಾರುಗಾಡಿಗಳ ಅಚ್ಚುಗಳನ್ನು ನೆಲದಲ್ಲಿ ಹೂತು, ಅವಕ್ಕೆ ದಪ್ಪ ಸರಪಳಿಗಳಿಂದ ಬಿಗಿದಿದ್ದ ನಾಯಿಗಳು. ಐವತ್ತಕ್ಕಿಂತ ಹೆಚ್ಚು ನಾಯಿಗಳಿದ್ದ ಆ ಹಿತ್ತಿಲು ಸಾಕಣೆಯ ಜಾಗವಾಗಿರಲಿಲ್ಲ. ನಾಯಿಕಾಳಗಕ್ಕೆ ಜಟ್ಟಿಗಳನ್ನು ತಯಾರಿಸುವ ಗರಡಿಯಾಗಿತ್ತು. ಮನೆಯ ಒಡೆಯ ಮೈಕೆಲ್ ವಿಕ್ ಅಮೆರಿಕದ ಕಾಲ್ಚೆಂಡಾಟದ ಬಹು ಹೆಸರುವಾಸಿ ಆಟಗಾರ. 2004ರಲ್ಲಿ ಅಟ್ಲಾಂಟಾ ಫಾಲ್ಕನ್ಸ್ ತಂಡದೊಡನೆ ಹತ್ತು ವರ್ಷಗಳಿಗೆ 13 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿದ್ದವನು. ಹಣದ ಕೊರತೆಯಿಂದ ಯಾರೂ ಇಂಥ ಕೆಲಸಕ್ಕೆ ಇಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ವಿಚಾರಣೆಯಲ್ಲಿ ಹೊರಬಿದ್ದ ವಿವರಗಳು ಕರುಳು ಹಿಂಡುವಂಥವು. ಕಾಳಗದಲ್ಲಿ ಸೋತ, ಅಥವಾ ಪರೀಕ್ಷೆಯಲ್ಲಿ ಸಾಕಷ್ಟು ಕಚ್ಚದ ನಾಯಿಗಳನ್ನು ನೇಣು ಹಾಕಿ, ನೀರಿನಲ್ಲಿ ಮುಳುಗಿಸಿ ಕೊಂದದ್ದು ತಪ್ಪೊಪ್ಪಿಗೆಯ ಪತ್ರಗಳಲ್ಲೇ ದಾಖಲಾಗಿದೆ. 2007ರ ಆಗಸ್ಟ್‌ನಲ್ಲಿ ವಿಕ್ ತಪ್ಪೊಪ್ಪಿಕೊಂಡನು. ಡಿಸೆಂಬರ್ 10ರಂದು ನ್ಯಾಯಾಧೀಶ ಹೆನ್ರಿ ಹಡ್ಸನ್ ಅವನಿಗೆ 23 ತಿಂಗಳ ಸೆರೆಮನೆಯನ್ನು ವಿಧಿಸಿದರು. ಮನುಷ್ಯನ ಲೆಕ್ಕ ಅಲ್ಲಿಗೆ ಒಂದು ಹಂತ ಮುಟ್ಟಿತು. ಆದರೆ ನಾಯಿಗಳ ಲೆಕ್ಕ?

ಅಖಾಡದಿಂದ ಬಂದ ಹೆಸರು

ಈ ನಾಯಿಗಳ ಜಾತಿಯನ್ನು ಲೋಕ 'ಪಿಟ್ ಬುಲ್' ಎಂದು ಕರೆಯುತ್ತದೆ. ಬುಲ್ ಎಂದರೆ ಗೂಳಿ. ಪಿಟ್ ಎಂದರೆ ಕಾಳಗ ನಡೆಯುವ ತಗ್ಗಾದ ಅಖಾಡ. ಹೆಸರಿನಲ್ಲಿಯೇ ಚರಿತ್ರೆಯಿದೆ. ಹಿಂದೆ ಇಂಗ್ಲೆಂಡಿನಲ್ಲಿ ಗೂಳಿಯನ್ನು ಗೂಟಕ್ಕೆ ಕಟ್ಟಿ, ಅದರ ಮೇಲೆ ನಾಯಿಗಳನ್ನು ಛೂಬಿಟ್ಟು, ಸುತ್ತ ನಿಂತು ಪಂದ್ಯ ಕಟ್ಟುವ ವಿನೋದವಿತ್ತು. 1835ರಲ್ಲಿ ಅಲ್ಲಿನ ಪಾರ್ಲಿಮೆಂಟು ಅದನ್ನು ಕಾನೂನಿನಿಂದ ನಿಲ್ಲಿಸಿತು. ವಿನೋದ ನಿಂತರೂ ವಿನೋದಪ್ರಿಯರ ಚಟ ನಿಲ್ಲಲಿಲ್ಲ. ಗೂಳಿಯನ್ನು ಬಚ್ಚಿಡುವುದು ಕಷ್ಟ. ಎರಡು ನಾಯಿಗಳನ್ನು ಯಾವ ನೆಲಮಾಳಿಗೆಯಲ್ಲಿಯಾದರೂ ಕಾದಾಡಿಸಬಹುದು. ಹೋರಿ ಹಿಡಿಯುವ ನಾಯಿಯ ಬಲಕ್ಕೆ ಟೆರಿಯರ್ ನಾಯಿಯ ಚುರುಕನ್ನು ಬೆರೆಸಿ ಹೊಸ ತಳಿಯನ್ನು ಬೆಳೆಸಿದರು. ವಲಸೆಗಾರರ ಸಂಗಡ ಅದು ಅಮೆರಿಕಕ್ಕೆ ದಾಟಿತು. 1898ರಲ್ಲಿ ಅಲ್ಲಿ ಸ್ಥಾಪನೆಯಾದ ಯುನೈಟೆಡ್ ಕೆನ್ನೆಲ್ ಕ್ಲಬ್ಬು 'ಅಮೆರಿಕನ್ ಪಿಟ್ ಬುಲ್ ಟೆರಿಯರ್' ಎಂಬ ಹೆಸರಿನಲ್ಲಿ ಇದನ್ನು ದಾಖಲೆಗೆ ಸೇರಿಸಿಕೊಂಡಿತು.

ಅದೇ ತಳಿ ಹಳ್ಳಿಯ ತೋಟದ ಮನೆಗಳಲ್ಲಿ ಕಾವಲಿಗೂ ಇತ್ತು. ಪಟ್ಟಣದ ಮಕ್ಕಳ ಜೊತೆಗೂ ಬೆಳೆಯಿತು. ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಗುಪ್ತ ಕಾಳಗಗಳ ಮತ್ತು ಪೋಕರಿಗಳ ಕೈಗೆ ಸಿಕ್ಕಿ, ಆ ನಾಯಿಯ ಹೆಸರು ಕೇಳಿದೊಡನೆ ಜನ ಬಾಗಿಲು ಹಾಕಿಕೊಳ್ಳುವಂತಾಯಿತು. ಬ್ರಿಟನ್ನಿನಲ್ಲಿ 1991ರ ಕಾಯಿದೆ ಇಂಥ ನಾಯಿಗಳನ್ನು ಸಾಕುವುದನ್ನು ನಿಷೇಧಿಸಿತು. ಅಮೆರಿಕದ ಡೆನ್ವರ್ ನಗರ 1989ರಲ್ಲಿಯೇ ನಿಷೇಧ ಹೇರಿತ್ತು; 2020ರಲ್ಲಿ ಅಲ್ಲಿನ ಮತದಾರರೇ ಅದನ್ನು ತೆಗೆದುಹಾಕಿ ಪರವಾನಗಿಯ ಪದ್ಧತಿಯನ್ನು ಒಪ್ಪಿಕೊಂಡರು.

ಪ್ರತಿವಾದಿಗಳ ಪಂಕ್ತಿಯಲ್ಲಿ

ಕಾಳಗದ ಹಿತ್ತಿಲಿನಿಂದ ಹಿಡಿದು ತಂದ ನಾಯಿಗಳಿಗೆ ಅಲ್ಲಿಯವರೆಗೆ ಒಂದೇ ದಾರಿ ಇತ್ತು. ಮೊಕದ್ದಮೆ ಮುಗಿಯುವ ತನಕ ಅವು ಸಾಕ್ಷ್ಯದ ಸಾಮಾನು: ರಕ್ತದ ಕಲೆಯ ಕಂಬಳಿಯಂತೆ, ಮುರಿದ ಬೀಗದಂತೆ. ಮುಗಿದ ಮೇಲೆ ಚುಚ್ಚುಮದ್ದು ಕೊಟ್ಟು ಕೊಲ್ಲುವುದು ಪರಿಪಾಟಿ. ಪ್ರಾಣಿದಯಾ ಸಂಘಗಳೂ ಅದನ್ನು ಅನುಮೋದಿಸಿದ್ದವು. ವಿಕ್ ಮೊಕದ್ದಮೆಯಲ್ಲಿಯೂ ಅಮೆರಿಕದ ಎರಡು ದೊಡ್ಡ ಸಂಸ್ಥೆಗಳು, ಹ್ಯೂಮೇನ್ ಸೊಸೈಟಿ ಮತ್ತು ಪೇಟಾ, ಈ ನಾಯಿಗಳನ್ನು ಉಳಿಸುವುದು ಸಲ್ಲದೆಂದೇ ಅಭಿಪ್ರಾಯಪಟ್ಟವು.

ಅವರು ನಿರ್ದಯರು ಎನ್ನುವುದು ಸುಲಭ. ಆದರೆ ಅದು ನ್ಯಾಯವಲ್ಲ. ಅವರ ವಾದಕ್ಕೂ ತಿರುಳಿತ್ತು. ಕಾದಾಡಲೆಂದೇ ಬೆಳೆಸಿದ ನಾಯಿ ನಾಳೆ ಯಾವುದೋ ಮನೆಯ ಮಗುವಿನ ಮೇಲೆ ಎರಗಿದರೆ ಹೊಣೆ ಯಾರು? ಒಂದು ಕಾಳಗದ ನಾಯಿಯನ್ನು ತಿದ್ದಲು ಖರ್ಚಾಗುವ ಹಣದಲ್ಲಿ ಹತ್ತು ಸಾಧು ನಾಯಿಗಳಿಗೆ ನೆಲೆ ಕಾಣಿಸಬಹುದಲ್ಲವೇ? ದೊಡ್ಡಿಗಳಲ್ಲಿ ಜಾಗವಿಲ್ಲದೆ ನಿರಪರಾಧಿ ನಾಯಿಗಳೇ ಸಾಯುತ್ತಿರುವಾಗ ಇವಕ್ಕೇಕೆ ಮೊದಲ ಪಂಕ್ತಿ? ಈ ಪ್ರಶ್ನೆಗಳಿಗೆ ಕಣ್ಣೀರು ಉತ್ತರವಾಗುವುದಿಲ್ಲ. ಪರೀಕ್ಷೆಯೊಂದೇ ಉತ್ತರ.

ನಾಯಿಗಳನ್ನು ಮುಟ್ಟುಗೋಲು ಹಾಕಿಕೊಳ್ಳಲು ಸರ್ಕಾರ ಹೂಡಿದ ದಾವೆಯ ಹೆಸರೇ ವಿಚಿತ್ರವಾಗಿತ್ತು: 'ಅಮೆರಿಕದ ಸಂಯುಕ್ತ ಸಂಸ್ಥಾನಗಳು ವಿರುದ್ಧ ಸುಮಾರು 53 ಪಿಟ್ ಬುಲ್ ನಾಯಿಗಳು'. ಮೊಕದ್ದಮೆಯ ಕಾಗದದಲ್ಲಿ ನಾಯಿಗಳೇ ಪ್ರತಿವಾದಿಗಳು! ಪ್ರತಿವಾದಿ ಎಂದ ಮೇಲೆ ಅಹವಾಲು ಕೇಳಬೇಕಷ್ಟೆ. ಆದರೆ ನಾಯಿಯ ಅಹವಾಲನ್ನು ಕೇಳುವುದು ಹೇಗೆ?

ಗೊಂಬೆ, ಬಟ್ಟಲು, ಇನ್ನೊಂದು ನಾಯಿ

2007ರ ಸೆಪ್ಟೆಂಬರ್‌ನಲ್ಲಿ, ಪ್ರಾಣಿಹಿಂಸೆ ತಡೆಯುವ ಅಮೆರಿಕದ ಸಂಘದ ವಿಜ್ಞಾನಿ ಸ್ಟೀಫನ್ ಜಾವಿಸ್ಟೋಸ್ಕಿ ಅವರ ಮುಂದಾಳುತನದಲ್ಲಿ ಪ್ರಾಣಿಸ್ವಭಾವವನ್ನು ಬಲ್ಲವರ ಒಂದು ತಂಡ ವರ್ಜೀನಿಯಕ್ಕೆ ಹೋಯಿತು. ಆ ವೇಳೆಗೆ ನಾಯಿಗಳು ಅಲ್ಲಲ್ಲಿನ ದೊಡ್ಡಿಗಳ ಪಂಜರಗಳಲ್ಲಿ ನಾಲ್ಕು ತಿಂಗಳು ಕಳೆದಿದ್ದವು. ತಂಡದವರು 49 ನಾಯಿಗಳನ್ನು ಒಂದೊಂದಾಗಿ ಹೊರಗೆ ತಂದು ನೋಡಿದರು. ಅಪರಿಚಿತನೊಬ್ಬ ಹತ್ತಿರ ಬಂದರೆ ನಾಯಿ ಏನು ಮಾಡುತ್ತದೆ? ಮೈ ಸವರಿದರೆ? ಉಣ್ಣುತ್ತಿರುವಾಗ ಕೋಲಿನ ತುದಿಯ ಕೃತಕ ಕೈಯೊಂದನ್ನು ಬಟ್ಟಲಿಗೆ ಚಾಚಿದರೆ? ಮಗುವಿನ ಗಾತ್ರದ ಗೊಂಬೆಯನ್ನು ಎದುರಿಗೆ ತಂದರೆ? ಕೊನೆಗೆ, ಇನ್ನೊಂದು ನಾಯಿಯನ್ನು ಕಂಡರೆ?

ಬಂದವರು ನಿರೀಕ್ಷಿಸಿದ್ದು ರಕ್ತಪಿಪಾಸುಗಳನ್ನು. ಕಂಡದ್ದು ಹೆಚ್ಚಾಗಿ ಭಯವನ್ನು. ಹಲವು ನಾಯಿಗಳು ಮನುಷ್ಯನ ನೆರಳು ಬಿದ್ದೊಡನೆ ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ, ನಾಲ್ಕು ಕಾಲುಗಳನ್ನೂ ಚಾಚಿ, ಕಾವಲಿಯ ಮೇಲಿನ ದೋಸೆಯಂತೆ ಚಪ್ಪಟೆಯಾಗಿ ಮಲಗಿಬಿಟ್ಟವು. ಕೆಲವು ಬಾಲವಾಡಿಸುತ್ತ ಬಂದು ಕೈ ನೆಕ್ಕಿದವು. ಇನ್ನು ಕೆಲವಕ್ಕೆ ಬೇರೆ ನಾಯಿಗಳನ್ನು ಕಂಡರೆ ಆಗದು, ಮನುಷ್ಯರೆಂದರೆ ಪ್ರಾಣ. ತಿದ್ದಲಾಗದಷ್ಟು ಉಗ್ರವೆಂದು ತಂಡ ನಿರ್ಣಯಿಸಿ ದಯಾಮರಣಕ್ಕೆ ಸೂಚಿಸಿದ್ದು ಒಂದೇ ಒಂದು ನಾಯಿಯನ್ನು. ಬೇರೊಂದನ್ನು ವಾಸಿಯಾಗದ ವ್ಯಾಧಿಯ ಕಾರಣದಿಂದ ಕೊನೆಗಾಣಿಸಬೇಕಾಯಿತು. ಉಳಿದವು 47.

ನ್ಯಾಯಾಲಯ ವಾಲ್ಪರೈಸೋ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕಿ ರೆಬೆಕ್ಕಾ ಹಸ್ ಅವರನ್ನು ಈ ನಾಯಿಗಳ ಪೋಷಕಾಧಿಕಾರಿಯಾಗಿ ನೇಮಿಸಿತು. ತಂದೆತಾಯಿಯಿಲ್ಲದ ಮಕ್ಕಳ ಹಿತ ನೋಡಿಕೊಳ್ಳಲು ಪೋಷಕರನ್ನು ಗೊತ್ತುಮಾಡುವಂತೆಯೇ ಇದು. ಅವರು ಒಂದೊಂದು ನಾಯಿಯ ವರದಿಯನ್ನೂ ಓದಿ, ಅರ್ಜಿ ಹಾಕಿದ್ದ ಸಂಸ್ಥೆಗಳ ಯೋಗ್ಯತೆಯನ್ನು ತೂಗಿ, ಎಂಟು ಸಂಸ್ಥೆಗಳಿಗೆ ನಾಯಿಗಳನ್ನು ಹಂಚಿದರು. ಹೆಚ್ಚು ಕಷ್ಟದ 22 ನಾಯಿಗಳು ಯೂಟಾ ಸಂಸ್ಥಾನದ ಕನಾಬ್ ಊರಿನ ಬೆಸ್ಟ್ ಫ್ರೆಂಡ್ಸ್ ಅನಿಮಲ್ ಸೊಸೈಟಿಯ ಆಶ್ರಯಧಾಮಕ್ಕೆ ಹೋದವು. ಹತ್ತು ನಾಯಿಗಳನ್ನು ಕ್ಯಾಲಿಫೋರ್ನಿಯದ ಓಕ್ಲೆಂಡಿನ 'ಬ್ಯಾಡ್ ರ್ಯಾಪ್' ಎಂಬ, ಪಿಟ್ ಬುಲ್‌ಗಳಿಗಾಗಿಯೇ ಹುಟ್ಟಿದ ಸಣ್ಣ ಸಂಸ್ಥೆ ವಹಿಸಿಕೊಂಡಿತು.

ಖರ್ಚು? ಅದನ್ನೂ ನ್ಯಾಯಾಲಯ ಮರೆಯಲಿಲ್ಲ. ನಾಯಿಗಳ ಪಾಲನೆಗಾಗಿ ಸುಮಾರು 9 ಲಕ್ಷ 28 ಸಾವಿರ ಡಾಲರುಗಳನ್ನು ವಿಕ್ ತೆರಬೇಕಾಯಿತು. ಬೇಗ ಮನೆ ಸೇರಬಲ್ಲ ನಾಯಿಗೆ 5,000 ಡಾಲರ್. ಬಾಳಿನುದ್ದಕ್ಕೂ ಆರೈಕೆ ಬೇಕಾಗಬಹುದಾದ ನಾಯಿಗೆ 18,275 ಡಾಲರ್. ಕೆಡಿಸಿದವನೇ ಕಟ್ಟಿಕೊಡಬೇಕೆಂಬ ಈ ನ್ಯಾಯ, ಸೆರೆಮನೆಯ ಶಿಕ್ಷೆಗಿಂತಲೂ ಉಚಿತವಾದದ್ದು. 'ಆ ಹಣವನ್ನು ಸಾಧು ನಾಯಿಗಳಿಗೆ ಬಳಸಬಾರದೇ' ಎಂಬ ಪ್ರಶ್ನೆಗೂ ಅದರಲ್ಲಿ ಒಂದು ಉತ್ತರವಿತ್ತು.

ಮತ್ತೆ ನಾಯಿಯಾಗುವ ಬಗೆ

ಬಿಡಿಸಿ ತರುವುದು ಒಂದು ದಿನದ ಕೆಲಸ. ಬಿಡಿಸಿ ತಂದ ನಾಯಿಯನ್ನು ಮತ್ತೆ ನಾಯಿಯಾಗಿಸುವುದು ತಿಂಗಳುಗಳ, ಕೆಲವು ವೇಳೆ ವರ್ಷಗಳ ತಪಸ್ಸು. ಹಿತ್ತಿಲಿನ ಸರಪಳಿಯಲ್ಲೇ ಬೆಳೆದ ಈ ಪ್ರಾಣಿಗಳಿಗೆ ಮನೆಯೆಂಬುದೇ ತಿಳಿಯದು. ಮೆಟ್ಟಿಲು ಹತ್ತುವುದು ಗೊತ್ತಿಲ್ಲ. ನುಣುಪಾದ ನೆಲದ ಮೇಲೆ ಕಾಲಿಡಲು ಅಂಜಿಕೆ. ಪಾತ್ರೆ ಬಿದ್ದ ಸದ್ದಿಗೆ ಮೂಲೆ ಸೇರುತ್ತವೆ. ಚೆಂಡನ್ನು ಎಸೆದರೆ ಆಟವೆಂದು ತಿಳಿಯದೆ ಪೆಟ್ಟೆಂದು ಮುದುಡುತ್ತವೆ.

ಇಂಥ ನಾಯಿಯೊಡನೆ ಅನುಭವಿಗಳು ಮೊದಲು ಮಾಡುವ ಕೆಲಸವೆಂದರೆ ಏನನ್ನೂ ಮಾಡದಿರುವುದು. ಒಂದು ಶಾಂತವಾದ ಕೋಣೆ, ಗೊತ್ತಾದ ಹೊತ್ತಿಗೆ ಊಟ, ಗೊತ್ತಾದ ಹೊತ್ತಿಗೆ ತಿರುಗಾಟ, ಪ್ರತಿದಿನವೂ ಅದೇ ಮುಖ. ಎದುರು ನಿಂತು ದಿಟ್ಟಿಸುವುದಿಲ್ಲ. ಮಗ್ಗುಲು ತಿರುಗಿ ನೆಲದ ಮೇಲೆ ಕುಳಿತು, ಕೈಯಳತೆಯಲ್ಲಿ ತಿಂಡಿಯ ಚೂರು ಇಟ್ಟು, ಪುಸ್ತಕ ಓದುತ್ತ ಕಾಯುತ್ತಾರೆ. ನಾಯಿ ತಾನಾಗಿ ಒಂದು ಹೆಜ್ಜೆ ಮುಂದಿಟ್ಟರೆ ಆ ದಿನದ ಪಾಠ ಮುಗಿಯಿತು. ಹೆದರಿಕೆಯನ್ನು ಬೆತ್ತದಿಂದ ಓಡಿಸಲು ಬಾರದು. ಹೆದರಿಸಿದ ವಸ್ತುವನ್ನೇ ದೂರದಿಂದ ತೋರಿಸಿ, ಅದರ ಜೊತೆಗೆ ಸವಿಯಾದದ್ದೇನನ್ನೋ ಕೊಟ್ಟು, ದಿನಕ್ಕೊಂದು ಅಡಿ ಹತ್ತಿರ ತರುತ್ತಾರೆ. ಬೇರೆ ನಾಯಿಯ ಪರಿಚಯವೂ ಹೀಗೆಯೇ. ಎರಡನ್ನೂ ಹಗ್ಗದಲ್ಲಿ ಹಿಡಿದು, ನಡುವೆ ಸಾಕಷ್ಟು ಅಂತರವಿಟ್ಟು, ಒಂದೇ ದಿಕ್ಕಿಗೆ ನಡೆಸುತ್ತ ಹೋಗುವುದು. ಮುಖಾಮುಖಿ ನಿಲ್ಲಿಸಿದರೆ ಅದು ಅಖಾಡ. ಜೊತೆಜೊತೆಗೆ ನಡೆಸಿದರೆ ಅದು ವಾಯುಸಂಚಾರ.

ಕನಾಬಿನ ಧಾಮದಲ್ಲಿ ನ್ಯಾಯಾಲಯ ಹಾಕಿದ್ದ ಷರತ್ತು ಕಠಿಣವಾಗಿತ್ತು. ಅಲ್ಲಿಂದ ಮನೆಯೊಂದಕ್ಕೆ ಹೋಗಬೇಕಾದ ನಾಯಿ 'ಕ್ಯಾನೈನ್ ಗುಡ್ ಸಿಟಿಜನ್', ಅಂದರೆ ಸತ್ಪ್ರಜೆ ನಾಯಿ, ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಬಳಿಕ ಆರು ತಿಂಗಳು ತಾತ್ಕಾಲಿಕವಾಗಿ ಆ ಮನೆಯಲ್ಲಿದ್ದು ತೋರಿಸಬೇಕು. ಅಮೆರಿಕನ್ ಕೆನ್ನೆಲ್ ಕ್ಲಬ್ಬು 1989ರಿಂದ ನಡೆಸುತ್ತ ಬಂದ ಈ ಪರೀಕ್ಷೆಯಲ್ಲಿ ಹತ್ತು ಭಾಗಗಳುಂಟು. ಅಪರಿಚಿತರು ಬಂದಾಗ ಸುಮ್ಮನಿರುವುದು, ಮೈ ಸವರಿಸಿಕೊಳ್ಳುವುದು, ಹಗ್ಗ ಜಗ್ಗದೆ ನಡೆಯುವುದು, ಜನಜಂಗುಳಿಯ ನಡುವೆ ಸಾಗುವುದು, ಕರೆದರೆ ಬರುವುದು, ಬೇರೆ ನಾಯಿಯನ್ನು ಕಂಡೂ ಸಂಯಮದಿಂದಿರುವುದು, ಒಡೆಯ ಮೂರು ನಿಮಿಷ ಕಣ್ಮರೆಯಾದರೂ ಗಲಭೆ ಮಾಡದಿರುವುದು ಅವುಗಳಲ್ಲಿ ಕೆಲವು. ಪ್ರಾಮಾಣಿಕವಾಗಿ ನಡೆಸಿದರೆ ಎಷ್ಟೋ ಮನುಷ್ಯರಿಗೂ ಇದು ಸುಲಭದ ಪರೀಕ್ಷೆಯಲ್ಲ.

ಗೆದ್ದವು, ಅರ್ಧ ಗೆದ್ದವು

ಫಲವೇನಾಯಿತು? ಎದೆಯ ತುಂಬ ಗಾಯದ ಗುರುತುಗಳಿದ್ದ ಹೆಕ್ಟರ್ ಮಿನ್ನೆಸೋಟಾ ಸಂಸ್ಥಾನದ ಒಂದು ಸಂಸಾರವನ್ನು ಸೇರಿ, ಸಾಂತ್ವನದ ನಾಯಿಯಾಗಿ ಪರವಾನಗಿ ಪಡೆದು, ಶಾಲೆಗಳಿಗೆ ಹೋಗಿ ಮಕ್ಕಳ ನಡುವೆ ಕುಳಿತಿತು. ಲಿಯೋ ಎಂಬುದು ಕ್ಯಾಲಿಫೋರ್ನಿಯದಲ್ಲಿ ಅರ್ಬುದರೋಗಿಗಳ ಹಾಸಿಗೆಯ ಬಳಿ ತಲೆಯಿಟ್ಟು ಮಲಗುವುದನ್ನು ಕಲಿಯಿತು. ಜಾನಿ ಜಸ್ಟಿಸ್ ಎಂಬ ನಾಯಿಯ ಪಾಲಿಗೆ ಬಂದ ಉದ್ಯೋಗ ಇನ್ನೂ ಸೊಗಸು. ಓದಲು ತಡವರಿಸುವ, ಹಿರಿಯರ ಮುಂದೆ ನಾಚುವ ಮಕ್ಕಳು ಅದರ ಮುಂದೆ ಕುಳಿತು ಗಟ್ಟಿಯಾಗಿ ಓದಿದರು. ಅದು ತಪ್ಪು ಹಿಡಿಯದೆ ಕೇಳಿತು. ಜಾರ್ಜಿಯಾ ಎಂಬ ಹೆಣ್ಣುನಾಯಿಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ, ಹಿಂದಿನವರು ಕಿತ್ತುಹಾಕಿದ್ದರು. ಅದಕ್ಕೂ ಕೊನೆಗೊಂದು ಮನೆ ದೊರಕಿತು.

ಆದರೆ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಅರ್ಧಸತ್ಯವಾದೀತು. ಮೇರಿಲೆಂಡಿನ ಒಂದು ಮನೆಗೆ ಹೋದ ಜಾಸ್ಮಿನ್ ಎಂಬ ನಾಯಿಯ ಚಿತ್ರ 2008ರ ಡಿಸೆಂಬರ್‌ನಲ್ಲಿ 'ಸ್ಪೋರ್ಟ್ಸ್ ಇಲಸ್ಟ್ರೇಟೆಡ್' ಪತ್ರಿಕೆಯ ಮುಖಪುಟವನ್ನೇರಿತು. ಆಟಗಾರರ ಚಿತ್ರಗಳಿಗೆ ಮೀಸಲಾದ ಆ ಜಾಗದಲ್ಲಿ ನಾಯಿಯ ಮುಖ ಕಂಡು ಜನ ಬೆರಗಾದರು. ಆದರೆ ಆ ಕೀರ್ತಿ ಜಾಸ್ಮಿನ್‌ಗೆ ತಿಳಿಯದು; ಅದರ ದಿನಗಳು ಭಯದಲ್ಲಿಯೇ ಹೆಚ್ಚಾಗಿ ಕಳೆದವು, ಗೂಡನ್ನು ಬಿಟ್ಟು ಹೊರಬರುವುದೇ ಅದಕ್ಕೆ ದೊಡ್ಡ ಸಾಹಸ. ಕಾಳಗದಲ್ಲಿ ಗೆದ್ದು ಹೆಸರಾಗಿದ್ದ ಲೂಕಸ್ ಕನಾಬಿನಲ್ಲಿ ಎಲ್ಲರ ಅಚ್ಚುಮೆಚ್ಚಾದರೂ, ಅದನ್ನು ಯಾವ ಮನೆಗೂ ಕೊಡಕೂಡದೆಂದು ನ್ಯಾಯಾಲಯದ ಆಜ್ಞೆಯಿತ್ತು. 2013ರಲ್ಲಿ ತೀರಿಕೊಳ್ಳುವವರೆಗೂ ಅದು ಧಾಮದಲ್ಲಿಯೇ ಉಳಿಯಿತು. ಅಪರಿಚಿತರನ್ನು ಸಹಿಸದ ಮೆರಿಲ್ ಎಂಬ ನಾಯಿಗೂ ಅದೇ ಆಜ್ಞೆಯಾಗಿತ್ತು.

ಈ ಎರಡು ಬಗೆಯ ಫಲಗಳನ್ನೂ ಒಟ್ಟಿಗೆ ನೋಡಿದಾಗಲೇ ವಿಚಾರಣೆಯ ತಾತ್ಪರ್ಯ ಹೊಳೆಯುವುದು. ಪಿಟ್ ಬುಲ್‌ಗಳೆಲ್ಲ ಸಾಧುಗಳೆಂದು ಅದು ಸಾಧಿಸಲಿಲ್ಲ. ಎಲ್ಲವೂ ಕ್ರೂರಿಗಳೆಂದೂ ಸಾಧಿಸಲಿಲ್ಲ. ಒಂದೇ ಹಿತ್ತಿಲಿನಲ್ಲಿ, ಒಂದೇ ಸರಪಳಿಯಲ್ಲಿ, ಒಂದೇ ಕೈಯ ಕೆಳಗೆ ಬೆಳೆದ 49 ನಾಯಿಗಳು 49 ಬಗೆಯವಾಗಿದ್ದವು ಎಂಬುದನ್ನಷ್ಟೇ ಸಾಧಿಸಿತು. ಒಟ್ಟಾಗಿ ತೀರ್ಪು ಕೊಟ್ಟಿದ್ದರೆ 47 ತಪ್ಪುಗಳಾಗುತ್ತಿದ್ದವು.

ಈ ಪಾಠ ಎಲ್ಲೆಡೆ ಕೂಡಲೆ ಹಬ್ಬಲಿಲ್ಲ. 2009ರ ಫೆಬ್ರವರಿಯಲ್ಲಿ ಉತ್ತರ ಕ್ಯಾರೊಲೈನದ ವಿಲ್ಕ್ಸ್ ಕೌಂಟಿಯಲ್ಲಿ ನೂರಕ್ಕೂ ಮಿಕ್ಕ ಪಿಟ್ ಬುಲ್‌ಗಳನ್ನು, ಎಳೆಯ ಮರಿಗಳನ್ನೂ ಬಿಡದೆ, ಪರೀಕ್ಷೆಯಿಲ್ಲದೆ ಕೊಲ್ಲಿಸಲಾಯಿತು. ಜನರ ಆಕ್ರೋಶವೆದ್ದಿತು. ಹ್ಯೂಮೇನ್ ಸೊಸೈಟಿ ಅದೇ ವರ್ಷ ತನ್ನ ನಿಲುವನ್ನು ಬದಲಿಸಿ, ಕಾಳಗದಿಂದ ಬಂದ ಪ್ರತಿಯೊಂದು ನಾಯಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸತಕ್ಕದ್ದೆಂದು ಒಪ್ಪಿಕೊಂಡಿತು. ಆ ಜುಲೈಯಲ್ಲಿ ಎಂಟು ಸಂಸ್ಥಾನಗಳಲ್ಲಿ ಒಮ್ಮೆಲೇ ದಾಳಿ ನಡೆದು 400ಕ್ಕೂ ಹೆಚ್ಚು ನಾಯಿಗಳು ಸಿಕ್ಕಾಗ, ಅವುಗಳನ್ನು ಒಂದೊಂದಾಗಿ ಪರೀಕ್ಷಿಸಲಾಯಿತು. ಅಭಿಪ್ರಾಯ ಬದಲಿಸುವ ಧೈರ್ಯ ದೊಡ್ಡ ಸಂಸ್ಥೆಗಳಲ್ಲಿ ಅಪರೂಪ, ತೋರಿದಾಗ ಮೆಚ್ಚಬೇಕು.

ವಿಜ್ಞಾನವೂ ತನ್ನ ಸಾಕ್ಷ್ಯವನ್ನು ನುಡಿದಿದೆ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನೆ 18 ಸಾವಿರಕ್ಕೂ ಹೆಚ್ಚು ನಾಯಿಗಳ ನಡವಳಿಕೆಯನ್ನು ಒಡೆಯರಿಂದ ಕೇಳಿ ತಿಳಿದು, 2,155 ನಾಯಿಗಳ ವಂಶವಾಹಿಗಳನ್ನು ಓದಿ ನೋಡಿತು. ನಾಯಿನಾಯಿಗೆ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ನೂರಕ್ಕೆ ಒಂಬತ್ತು ಎಂದು ಅದು ಕಂಡಿತು. ಹುಟ್ಟುಗುಣ ಇಲ್ಲವೆಂದಲ್ಲ. ಆದರೆ ತಳಿಯ ಹೆಸರೊಂದನ್ನೇ ಕೇಳಿ ಎದುರಿಗಿರುವ ನಾಯಿಯ ಜಾತಕ ಬರೆಯಲಾಗದು ಎಂದಷ್ಟೆ ಇದರ ಅರ್ಥ. ಸ್ವಭಾವ ಏನೇ ಇರಲಿ, ದೇಹಬಲ ಬೇರೆಯೇ ಮಾತು. ಸಣ್ಣ ನಾಯಿ ತಪ್ಪಿ ಕಚ್ಚಿದರೆ ಪಟ್ಟಿ ಕಟ್ಟಿದರೆ ಸಾಕಾದೀತು. ಇಂಥ ಬಲಿಷ್ಠ ದವಡೆಯ ನಾಯಿ ಕಚ್ಚಿದರೆ ಪ್ರಾಣವೇ ಹೋಗಬಹುದು. ಹೊಣೆಗಾರಿಕೆ ದವಡೆಯ ಬಲಕ್ಕೆ ತಕ್ಕಷ್ಟಿರಬೇಕು.

ಇತ್ತ ಭಾರತದಲ್ಲಿ

ಆ ಹೊಣೆಗಾರಿಕೆಯ ಪ್ರಶ್ನೆ ಭಾರತಕ್ಕೂ ಬಂದಿದೆ. 2022ರ ಜುಲೈಯಲ್ಲಿ ಲಖನೌ ನಗರದಲ್ಲಿ ಎಂಬತ್ತು ದಾಟಿದ ವೃದ್ಧೆಯೊಬ್ಬರು ಮನೆಯಲ್ಲಿಯೇ ಸಾಕಿದ್ದ ಪಿಟ್ ಬುಲ್ ಕಚ್ಚಿ ಮೃತರಾದರು. ಆ ಸಂಸಾರದ ದುಃಖವನ್ನು ಯಾವ ವಾದವೂ ಹಗುರ ಮಾಡಲಾರದು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರದ ಪಶುಸಂಗೋಪನ ಇಲಾಖೆ ಪಿಟ್ ಬುಲ್ ಸೇರಿ 23 ತಳಿಗಳ ಆಮದು, ಸಂವರ್ಧನೆ, ಮಾರಾಟಗಳನ್ನು ತಡೆಯಬೇಕೆಂದು ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಬೆಂಗಳೂರಿನಲ್ಲಿ ಅದನ್ನು ಪ್ರಶ್ನಿಸಿದವರ ಅರ್ಜಿಯನ್ನು ಆಲಿಸಿದ ಕರ್ನಾಟಕ ಉಚ್ಚ ನ್ಯಾಯಾಲಯ, ಸಂಬಂಧಪಟ್ಟವರ ಅಹವಾಲನ್ನು ಕೇಳದೆ ಹೊರಡಿಸಿದ್ದೆಂಬ ಕಾರಣದಿಂದ, ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಪಡಿಸಿತು. ಎರಡು ಖಂಡಗಳ ಎರಡು ನ್ಯಾಯಾಲಯಗಳು, ಬೇರೆಬೇರೆ ದಾರಿಯಿಂದ, 'ಮೊದಲು ಕೇಳು, ಆಮೇಲೆ ತೀರ್ಮಾನಿಸು' ಎಂಬ ಹಳೆಯ ತತ್ತ್ವವನ್ನೇ ಮುಟ್ಟಿದವು.

ಪ್ರಾಣಿಗಳನ್ನು ಕಾದಾಡಿಸುವುದು ಭಾರತದಲ್ಲಿ 1960ರ ಪ್ರಾಣಿಹಿಂಸೆ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧ. ಮೊದಲ ಅಪರಾಧಕ್ಕೆ ಆ ಕಾಯಿದೆ ಗೊತ್ತುಮಾಡಿದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ! ವಿಕ್ ತೆತ್ತ ಮೊತ್ತದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಟೀಕೆ ಬೇಕಿಲ್ಲ.

ಇನ್ನು ಗೃಹಸ್ಥರ ಮಾತು. ಮರಿಯ ಮುದ್ದುಮುಖವನ್ನೋ ನೆರೆಹೊರೆಯವರ ಬೆರಗನ್ನೋ ಬಯಸಿ ಇಂಥ ನಾಯಿಯನ್ನು ಕೊಳ್ಳುವವರು, ಅದು ಬೆಳೆದು ಹಗ್ಗ ಜಗ್ಗತೊಡಗಿದಾಗ ತಾರಸಿಯ ಮೇಲೆ ಕಟ್ಟಿಹಾಕುತ್ತಾರೆ. ಕಟ್ಟಿದ ನಾಯಿ ಬೇಸರದಿಂದ ಬೊಗಳುತ್ತದೆ, ಬೊಗಳುವ ನಾಯಿಗೆ ಏಟು ಬೀಳುತ್ತದೆ, ಏಟು ತಿಂದ ನಾಯಿ ಒಂದು ದಿನ ಹಲ್ಲು ತೋರುತ್ತದೆ. ಆಗ ಹುಟ್ಟುಗುಣದ ಗಾದೆ ನೆನಪಿಗೆ ಬರುತ್ತದೆ. ರಾತ್ರಿಯಲ್ಲಿ ಮೋಟಾರಿನಲ್ಲಿ ಕೊಂಡೊಯ್ದು ಊರಾಚೆ ಬಿಟ್ಟುಬರುವವರೂ ಉಂಟು. ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯಲ್ಲಿ ಬದುಕುವ ವಿದ್ಯೆ ಬಾರದು. ಅದು ಅದಕ್ಕೂ ಅಪಾಯ, ದಾರಿಹೋಕರಿಗೂ ಅಪಾಯ.

ಆದುದರಿಂದ ಕೆಲವು ಎಚ್ಚರಗಳು ಅವಶ್ಯ. ಕೊಳ್ಳುವುದಕ್ಕಿಂತ, ನೆಲೆ ತಪ್ಪಿದ ನಾಯಿಯನ್ನು ಆಶ್ರಯಧಾಮದಿಂದ ತರುವುದು ಲೇಸು. ಆದರೆ ಅದರ ಸ್ವಭಾವವನ್ನು ಬಲ್ಲವರಿಂದ ಪರೀಕ್ಷಿಸಿಕೊಂಡೇ ತರಬೇಕು. ಸಂತಾನಹರಣದ ಶಸ್ತ್ರಚಿಕಿತ್ಸೆ ಮತ್ತು ರೇಬಿಸ್ ಲಸಿಕೆಗಳನ್ನು ಮುಂದೂಡಕೂಡದು. ಮೊದಲ ಕೆಲವು ವಾರ ನೆಂಟರಿಷ್ಟರ ದರ್ಶನ ಬೇಡ. ಮಕ್ಕಳನ್ನೂ ನಾಯಿಯನ್ನೂ, ಅದು ಎಷ್ಟೇ ಸಾಧುವಾಗಿರಲಿ, ಯಾವ ತಳಿಯದೇ ಆಗಿರಲಿ, ಹಿರಿಯರಿಲ್ಲದೆ ಒಂದೇ ಕೋಣೆಯಲ್ಲಿ ಬಿಡಕೂಡದು. ಉಣ್ಣುವ, ಮಲಗಿರುವ ನಾಯಿಯನ್ನು ಮುಟ್ಟಬಾರದೆಂದು ಮಕ್ಕಳಿಗೆ ಕಲಿಸುವುದು, ನಾಯಿಗೆ ಕಲಿಸುವ ಪಾಠಗಳಿಗಿಂತ ಮುಖ್ಯ. ಬೀದಿಗೆ ಕರೆದೊಯ್ಯುವಾಗ ಗಟ್ಟಿಯಾದ ಹಗ್ಗ ಪ್ರೌಢರ ಕೈಯಲ್ಲಿರಬೇಕು; ಬೇಕಾದ ಕಡೆ ಬಾಯಿಕುಕ್ಕೆ ಹಾಕುವುದು ನಾಯಿಗೆ ಅವಮಾನವಲ್ಲ, ನೆರೆಯವರಿಗೆ ಮರ್ಯಾದೆ. ಇಷ್ಟು ಹೊತ್ತು, ಇಷ್ಟು ತಾಳ್ಮೆ, ಹತ್ತು ಹನ್ನೆರಡು ವರ್ಷಗಳ ಈ ಹೊಣೆ ತಮ್ಮಿಂದಾಗದು ಎಂದು ತಿಳಿದವರು ನಾಯಿಯನ್ನು ತಾರದಿರುವುದೂ ಒಂದು ದಯೆಯೇ. ಅಂಥವರು ಆಶ್ರಯಧಾಮಕ್ಕೆ ಒಂದು ಚೀಲ ಆಹಾರವನ್ನೋ ಒಂದು ನಾಯಿಯ ಔಷಧದ ಖರ್ಚನ್ನೋ ಕೊಟ್ಟರೆ ಅದೂ ರಕ್ಷಣೆಯ ಕೆಲಸವೇ.

ಮಹಾಪ್ರಸ್ಥಾನದಲ್ಲಿ ಧರ್ಮರಾಯ ಸ್ವರ್ಗದ ಬಾಗಿಲಲ್ಲಿ ನಿಂತು, ಜೊತೆಯಲ್ಲಿ ಬಂದ ನಾಯಿಯನ್ನು ಬಿಟ್ಟು ಒಳಗೆ ಬಾರೆನೆಂದ ಕಥೆ ಎಲ್ಲರಿಗೂ ಗೊತ್ತಿದೆ. ಅವನು ಶ್ವಾನಕುಲದ ಮೇಲೆ ಉಪನ್ಯಾಸ ಮಾಡಲಿಲ್ಲ. ತನ್ನನ್ನು ನಂಬಿ ಬಂದ ಆ ಒಂದು ನಾಯಿಯ ವಿಷಯವನ್ನಷ್ಟೇ ಮಾತನಾಡಿದನು.

ವರ್ಜೀನಿಯದಿಂದ ಬಂದ ನಾಯಿಗಳಲ್ಲಿ ಕಟ್ಟಕಡೆಗೆ ಉಳಿದಿದ್ದ ಫ್ರೋಡೋ 2021ರ ಡಿಸೆಂಬರ್‌ನಲ್ಲಿ, ತನ್ನವರ ನಡುವೆ, ಮುಪ್ಪಿನಿಂದ ತೀರಿಕೊಂಡಿತು. ಹದಿನಾಲ್ಕು ವರ್ಷಗಳ ಹಿಂದೆ, 2007ರಲ್ಲಿಯೇ, ಅದು ಸಾಯಬೇಕೆಂದು ಬಲ್ಲವರೇ ಹೇಳಿದ್ದರು. ಸರ್ರಿ ಕೌಂಟಿಯ ಆ ಬಿಳಿಯ ಮನೆಯನ್ನು, ಹಿಂದಿನ ಕಪ್ಪು ಕೊಟ್ಟಿಗೆಗಳ ಸಹಿತ, 2011ರಲ್ಲಿ ಒಂದು ಸಂಸ್ಥೆ ಕ್ರಯಕ್ಕೆ ಕೊಂಡಿತು. ಬಾಳೆಲ್ಲ ಸರಪಳಿಯಲ್ಲಿ ಕಳೆಯುವ ನಾಯಿಗಳನ್ನು ಬಿಡಿಸಿ ತರುವುದು ಆ ಸಂಸ್ಥೆಯ ಉದ್ದೇಶ. ಮೋಟಾರಿನ ಅಚ್ಚುಗಳನ್ನು ಹೂತಿದ್ದ ಅದೇ ನೆಲದಲ್ಲಿ ಆ ಮೇಲೆ ನಾಯಿಗಳು ಕಟ್ಟಿಲ್ಲದೆ ಓಡಾಡಿದವು.